ಮಕ್ಕಳಿಗೆ ಓದಿನ ಬಾಗಿಲು ತೆರೆದ ಮೌಲ್ವಿ ಇಸ್ಮಾಯಿಲ್ ಮೇರಠಿ



ನಿಮ್ಮ ಮನೆಯಲ್ಲಿ ಮೂರನೆಯ ಅಥವಾ ನಾಲ್ಕನೆಯ ತರಗತಿಯಲ್ಲಿ ಓದುವ ಮಗು ಇದ್ದರೆ ಇವತ್ತು ಸಂಜೆ ಒಂದು ಸಣ್ಣ ಕೆಲಸ ಮಾಡಿ ನೋಡಿ. ಅದರ ಪಾಠಪುಸ್ತಕದಿಂದ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ. ಮಗು ಪಟಪಟನೆ ಓದಿ ಮುಗಿಸಿದರೆ ನಿಮಗೂ ಸಂತೋಷವಾಗುತ್ತದೆ. ಆಮೇಲೆ ಪುಸ್ತಕ ಮುಚ್ಚಿಸಿ, ಈಗ ಓದಿದ್ದರಲ್ಲಿ ಏನಿತ್ತು ಎಂದು ಕೇಳಿ. ಅನೇಕ ಮನೆಗಳಲ್ಲಿ ಮಗು ಸುಮ್ಮನೆ ನಿಮ್ಮ ಮುಖ ನೋಡುತ್ತದೆ. ಅಕ್ಷರ ಗೊತ್ತು, ಉಚ್ಚಾರ ಗೊತ್ತು, ಅರ್ಥ ಮಾತ್ರ ಪುಸ್ತಕದಲ್ಲೇ ಉಳಿದಿರುತ್ತದೆ.

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಶಿಕ್ಷಕಿ. ಈ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯ ಹುಡುಗನೊಬ್ಬನ ಕೈಯಲ್ಲಿ ವಿದ್ಯಾರ್ಥಿವೇತನದ ಸೂಚನಾ ಪತ್ರ ಮನೆಗೆ ಹೋಯಿತು. ಅವನ ತಾಯಿಗೆ ಓದು ಬರದು. ಹುಡುಗ ಕನ್ನಡದ ಆ ಪತ್ರವನ್ನು ಒಂದಕ್ಷರವೂ ತಪ್ಪದೆ ತಾಯಿಯ ಮುಂದೆ ಓದಿದ. ಆದರೆ ಯಾವ ಕಾಗದಗಳನ್ನು ತರಬೇಕು, ಯಾವ ತಾರೀಖಿನ ಒಳಗೆ ಕೊಡಬೇಕು ಎಂದು ತಾಯಿ ಕೇಳಿದಾಗ ಅವನಿಗೆ ಹೇಳಲು ಬರಲಿಲ್ಲ. ಶಾಲೆಯಿಂದ ಏನೋ ಬಂದಿದೆ ಎಂದಷ್ಟೇ ತಿಳಿಯಿತು. ತಾರೀಖು ಕಳೆದು, ಆ ವರ್ಷದ ಹಣ ಕೈತಪ್ಪಿತು. ಆ ತಾಯಿ ಶಾಲೆಗೆ ಬಂದು ನನ್ನನ್ನು ಬೈಯಲಿಲ್ಲ. ಮಗ ಚೆನ್ನಾಗಿ ಓದುತ್ತಾನೆ ಎಂದು ನೀವೇ ಹೇಳಿದ್ದಿರಲ್ಲ ಎಂದು ಮಾತ್ರ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅವನಿಗೆ ನಾನು ಕಥೆ ಓದಿಸಿದ್ದೆ, ಪದ್ಯ ಬಾಯಿಪಾಠ ಮಾಡಿಸಿದ್ದೆ. ಒಂದು ಸೂಚನೆಯನ್ನು ಹೇಗೆ ಓದಬೇಕು ಎಂದು ಒಂದು ದಿನವೂ ಕಲಿಸಿರಲಿಲ್ಲ.

ಆ ದಿನದ ನಂತರ ನಾನು ಮತ್ತೆ ಕೈಗೆತ್ತಿಕೊಂಡದ್ದು ಹಳೆಯ ಕಾಲದ ಒಬ್ಬ ಮೇಷ್ಟರ ಪುಸ್ತಕಗಳನ್ನು. ಅವರೇ ಮೌಲ್ವಿ ಮುಹಮ್ಮದ್ ಇಸ್ಮಾಯಿಲ್ ಮೇರಠಿ. ಉರ್ದು ಓದಿದ ನಮ್ಮ ಹಿರಿಯರಲ್ಲಿ ಅವರ ಹಸುವಿನ ಪದ್ಯವನ್ನು ಕೇಳದವರು ಕಡಿಮೆ. ಪದ್ಯ ನೆನಪಿರುವ ಎಷ್ಟೋ ಮಂದಿಗೆ ಅದನ್ನು ಬರೆದವರ ಬದುಕು ಗೊತ್ತಿಲ್ಲ. ಆದ್ದರಿಂದ ಈ ವರ್ಷದ ಸಂಚಿಕೆಯಲ್ಲಿ ಅವರನ್ನು ನಿಮಗೆ ಪರಿಚಯಿಸುವುದು ಉಚಿತವೆಂದು ತೋರಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಇಸ್ಮಾಯಿಲ್ ಸಾಹೇಬರು ಹುಟ್ಟಿದ್ದು 1844ರ ನವೆಂಬರ್ 12ರಂದು, ಇಂದಿನ ಉತ್ತರ ಪ್ರದೇಶದ ಮೇರಠ್ ನಗರದಲ್ಲಿ. ನಮ್ಮ ಪತ್ರಿಕೆಗಳಲ್ಲಿ ಈ ಊರನ್ನು ಮೀರತ್ ಎಂದು ಬರೆಯುತ್ತಾರೆ. ಆ ಕಾಲದ ರೂಢಿಯಂತೆ ಅವರ ಮೊದಲ ಓದು ಮನೆಯಲ್ಲೇ ನಡೆಯಿತು. ಮುಂದೆ ಮಿರ್ಝಾ ರಹೀಮ್ ಬೇಗ್ ಎಂಬ ವಿದ್ವಾಂಸರ ಬಳಿ ಪಾರಸಿ ಕಲಿತರು. ಈ ರಹೀಮ್ ಬೇಗರು ಸಾಮಾನ್ಯರಲ್ಲ. ಮಹಾಕವಿ ಗಾಲಿಬರು ಪಾರಸಿ ನಿಘಂಟೊಂದನ್ನು ಖಂಡಿಸಿ ಪುಸ್ತಕ ಬರೆದಾಗ, ಅದಕ್ಕೆ ಎದುರಾಗಿ ಪುಸ್ತಕ ಬರೆದವರು. ಒಂದು ಪದದ ಸರಿಯಾದ ಅರ್ಥಕ್ಕಾಗಿ ಗಾಲಿಬರಂಥವರೊಡನೆ ವಾದ ಮಾಡುವ ಗುರುವಿನ ಕೈಯಲ್ಲಿ ಬಾಲಕ ಇಸ್ಮಾಯಿಲ್ ಪಳಗಿದರು.

ಅವರಿಗೆ ಹನ್ನೆರಡು ವರ್ಷವಾಗಿದ್ದಾಗ, 1857ರ ಮೇ 10ರಂದು, ಅವರದೇ ಊರಿನಲ್ಲಿ ಸಿಪಾಯಿಗಳು ದಂಗೆ ಎದ್ದರು. ಅದು ರಮಝಾನ್ ತಿಂಗಳು. ಅಲ್ಲಿ ಹೊತ್ತಿದ ಕಿಡಿ ದಿಲ್ಲಿಗೆ ಹಬ್ಬಿ ಪ್ರಥಮ ಸ್ವಾತಂತ್ರ್ಯ ಸಂಗ್ರಾಮವಾಯಿತು. ಸೋಲಿನ ನಂತರ ಉತ್ತರ ಭಾರತದ ಮುಸ್ಲಿಂ ಕುಟುಂಬಗಳ ಸ್ಥಿತಿ ಏನಾಯಿತು ಎಂಬುದನ್ನು ನೀವು ಇತಿಹಾಸದಲ್ಲಿ ಓದಿದ್ದೀರಿ. ಹಳೆಯ ದರ್ಬಾರುಗಳು ಅಳಿದವು, ಪಾರಸಿಯ ಓದಿಗಿದ್ದ ಬೆಲೆ ಇಳಿಯಿತು. ಹೊಸ ಕಾಲಕ್ಕೆ ಹೊಸ ವಿದ್ಯೆ ಬೇಕೆಂದು ಸರ್ ಸಯ್ಯದ್ ಅಹ್ಮದ್ ಖಾನರು ಮುಂದೆ ಅಲೀಗಢದಲ್ಲಿ ದೊಡ್ಡ ಕಾಲೇಜು ಕಟ್ಟಲು ಹೊರಟರು. ಕಾಲೇಜಿಗೆ ಹೋಗುವ ಹುಡುಗನೂ ಮೊದಲು ಒಂದನೆಯ ತರಗತಿಯಲ್ಲಿ ಕೂರಬೇಕಲ್ಲವೇ? ಆ ಒಂದನೆಯ ತರಗತಿಯ ಮಗುವಿನ ಕೈಯಲ್ಲಿ ಯಾವ ಪುಸ್ತಕವಿರಬೇಕು ಎಂಬ ಪ್ರಶ್ನೆಗೆ ಇಸ್ಮಾಯಿಲ್ ಸಾಹೇಬರು ತಮ್ಮ ಜೀವನವನ್ನು ಕೊಟ್ಟರು.

ಗುಮಾಸ್ತೆಯಿಂದ ಶಿಕ್ಷಕರವರೆಗೆ

ಸುಮಾರು ಹದಿನಾರನೆಯ ವಯಸ್ಸಿನಲ್ಲಿ, 1860ರ ಹೊತ್ತಿಗೆ, ಅವರು ಮೇರಠಿನ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದರು. 1867ರಿಂದ 1870ರವರೆಗೆ ಸಹಾರನ್‌ಪುರದ ಜಿಲ್ಲಾ ಶಾಲೆಯಲ್ಲಿ ಪಾರಸಿ ಕಲಿಸಿದರು. ಮತ್ತೆ ಮೇರಠಿಗೆ ಮರಳಿ ಹಲವು ವರ್ಷ ಇಲಾಖೆಯಲ್ಲೇ ದುಡಿದರು. 1888ರಲ್ಲಿ ಆಗ್ರಾದ ಸೆಂಟ್ರಲ್ ನಾರ್ಮಲ್ ಸ್ಕೂಲಿಗೆ ಪಾರಸಿ ಶಿಕ್ಷಕರಾಗಿ ಹೋದರು. ನಾರ್ಮಲ್ ಸ್ಕೂಲ್ ಎಂದರೆ ನಮ್ಮಲ್ಲಿ ಹಿಂದೆ ಇದ್ದ ಟಿ.ಸಿ.ಎಚ್., ಡಿ.ಎಡ್. ಸಂಸ್ಥೆಗಳ ಹಾಗೆ ಶಿಕ್ಷಕರನ್ನು ತಯಾರು ಮಾಡುವ ಶಾಲೆ. 1899ರಲ್ಲಿ ನಿವೃತ್ತರಾಗಿ ಹುಟ್ಟೂರಿಗೆ ಹಿಂದಿರುಗಿದರು.

ವಿದ್ಯಾರ್ಥಿಗಳೇ, ಈ ಸೇವಾ ವಿವರವನ್ನು ನಾನು ಸುಮ್ಮನೆ ಕೊಡುತ್ತಿಲ್ಲ. ಅವರು ಕಚೇರಿಯ ಕಾಗದ ಪತ್ರ ಕಂಡವರು, ತರಗತಿಯಲ್ಲಿ ಮಕ್ಕಳ ಎದುರು ನಿಂತವರು, ಶಿಕ್ಷಕರಾಗುವವರಿಗೆ ಕಲಿಸಿದವರು. ಶಾಲೆಯ ಓದನ್ನು ಈ ಮೂರೂ ಕಡೆಯಿಂದ ಕಂಡ ಅನುಭವ ಅವರ ಪುಸ್ತಕಗಳ ಹಿಂದಿದೆ.

ಅವರಿಗೆ ಕಾವ್ಯದ ಅಭ್ಯಾಸವೂ ಇತ್ತು. ಆ ಕಾಲದ ಉರ್ದು ಕಾವ್ಯವೆಂದರೆ ಮುಖ್ಯವಾಗಿ ಗಜಲ್. ಅದೇ ಮೇರಠಿನ ಕವಿ ಕಲಕ್ ಅವರು ಕೆಲವು ಇಂಗ್ಲಿಷ್ ಪದ್ಯಗಳನ್ನು ಉರ್ದುವಿಗೆ ತಂದಿದ್ದರು. ಅದನ್ನು ಕಂಡ ಇಸ್ಮಾಯಿಲ್ ಸಾಹೇಬರೂ ಕೆಲವು ಇಂಗ್ಲಿಷ್ ಪದ್ಯಗಳನ್ನು ಅನುವಾದಿಸಿದರು. ಬಳಿಕ ಮಳೆ, ಗಾಳಿ, ಬೇಸಿಗೆ, ಹಕ್ಕಿ, ಹುಳುಗಳ ಮೇಲೆ ಸ್ವಂತ ನಜ್ಮ್‌ಗಳನ್ನು ಬರೆದರು. 1874ರಲ್ಲಿ ಲಾಹೋರಿನಲ್ಲಿ ಮುಹಮ್ಮದ್ ಹುಸೇನ್ ಆಝಾದ್ ಮತ್ತು ಅಲ್ತಾಫ್ ಹುಸೇನ್ ಹಾಲಿ ಇಂತಹದೇ ಹೊಸ ನಜ್ಮ್‌ಗಳ ಕವಿಗೋಷ್ಠಿ ನಡೆಸಿದ್ದು ಪ್ರಸಿದ್ಧವಾಗಿದೆ. ಪ್ರಾಸವಿಲ್ಲದ ಪದ್ಯವನ್ನು ಉರ್ದುವಿನಲ್ಲಿ ಮೊದಲು ಬರೆದವರ ಸಾಲಿನಲ್ಲಿಯೂ ಇಸ್ಮಾಯಿಲರ ಹೆಸರಿದೆ. ನಕ್ಷತ್ರ ತುಂಬಿದ ರಾತ್ರಿಯ ಮೇಲೆ, ಗುಬ್ಬಿ ಮರಿಗಳ ಮೇಲೆ ಅವರು ಹಾಗೆ ಬರೆದರು. ಮಕ್ಕಳ ಕವಿ ಎಂಬ ಹೆಸರು ದೊಡ್ಡದಾದ ಕಾರಣ ಅವರ ಈ ಕೆಲಸ ಬಹುಕಾಲ ಮರೆಯಲ್ಲಿ ಉಳಿಯಿತು.

ಐದು ಪುಸ್ತಕಗಳು

ಅವರಿಗಿಂತ ಮುಂಚೆ ಮಗು ಏನನ್ನು ಓದುತ್ತಿತ್ತು? ಖಾಯಿದಾ ಮುಗಿದ ಕೂಡಲೇ ಖಾಲಿಕ್ ಬಾರಿಯಂಥ ಪದಗಳ ಪದ್ಯ, ಬಳಿಕ ಕರೀಮಾ, ಗುಲಿಸ್ತಾನ್, ಬೋಸ್ತಾನ್. ಇವೆಲ್ಲ ಉತ್ತಮ ಗ್ರಂಥಗಳೇ. ಆದರೆ ಆರೇಳು ವರ್ಷದ ಮಗುವಿನ ಮನೆಯ ಮಾತು ಒಂದು, ಪುಸ್ತಕದ ಭಾಷೆ ಇನ್ನೊಂದು. ಬಾಯಿಪಾಠ ಮೊದಲು, ಅರ್ಥ ದೊಡ್ಡವನಾದ ಮೇಲೆ ಎಂಬುದೇ ಪದ್ಧತಿ. ಕೆಲವರಿಗೆ ಅರ್ಥ ಬಂತು. ಹಲವರಿಗೆ ಬರುವ ಮೊದಲೇ ಶಾಲೆ ಬಿಟ್ಟುಹೋಯಿತು.

ಇಸ್ಮಾಯಿಲ್ ಸಾಹೇಬರು ಉರ್ದುವಿನ ಖಾಯಿದಾ ಮತ್ತು ಉರ್ದು ಕಿ ಪಹಲಿ ಕಿತಾಬ್‌ನಿಂದ ಪಾಂಚ್ವೀ ಕಿತಾಬ್‌ವರೆಗೆ ಐದು ಪಠ್ಯಪುಸ್ತಕಗಳನ್ನು ಸಿದ್ಧಪಡಿಸಿದರು. ಸುಲಭವಾದ ಅಕ್ಷರ, ಚಿಕ್ಕ ಪದ, ಚಿಕ್ಕ ವಾಕ್ಯ, ಆಮೇಲೆ ಚಿಕ್ಕ ಪಾಠ ಎಂಬ ಕ್ರಮ ಅವುಗಳಲ್ಲಿದೆ. ಪದಗಳು ಮನೆ, ಹೊಲ, ಬೀದಿಯ ಪದಗಳು. ಇನ್ನೊಂದು ವಿಷಯವನ್ನು ನೀವು ಗಮನಿಸಬೇಕು. ಅವರು ಒಂದೇ ಬಗೆಯ ಪಾಠವನ್ನು ಕೊಡಲಿಲ್ಲ. ಒಂದು ಪುಟದಲ್ಲಿ ಪ್ರಾಣಿಯ ಕಥೆ ಇದ್ದರೆ ಮುಂದೆ ಪ್ರಾಣಿಯ ಬಗ್ಗೆಯೇ ಮಾಹಿತಿಯ ಪಾಠ ಬರುತ್ತದೆ. ನೀತಿಯ ಮಾತು, ಋತುಗಳ ವರ್ಣನೆ, ಪದ್ಯ ಇವು ಒಂದರ ನಂತರ ಒಂದು ಬರುತ್ತವೆ. ಹೀಗಾಗಿ ಮಗುವಿಗೆ ಗೊತ್ತಿಲ್ಲದಂತೆಯೇ ಬೇರೆ ಬೇರೆ ರೀತಿಯ ಬರಹವನ್ನು ಬೇರೆ ಬೇರೆ ರೀತಿಯಲ್ಲಿ ಓದುವ ಅಭ್ಯಾಸವಾಗುತ್ತದೆ.

ಮೂರು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ಹಸುವಿನ ಪದ್ಯ. ಹಸುವನ್ನು ಸೃಷ್ಟಿಸಿದ ದೇವರಿಗೆ ಕೃತಜ್ಞತೆ ಹೇಳುತ್ತ ಪದ್ಯ ಆರಂಭವಾಗುತ್ತದೆ. ಹಾಡುತ್ತ ಹಾಡುತ್ತ ಮಗು ಎಷ್ಟೊಂದು ಸಂಗತಿ ತಿಳಿಯುತ್ತದೆ ನೋಡಿ. ಹಸು ಹುಲ್ಲು, ಒಣಮೇವು ತಿನ್ನುತ್ತದೆ. ಅದು ಒಳಗೆ ಹಾಲಾಗುತ್ತದೆ. ಅದರ ಕರು ಬೆಳೆದು ಎತ್ತಾಗಿ ಹೊಲ ಉಳುತ್ತದೆ. ಪದ್ಯವೆಂದರೆ ರಾಗ ಮಾತ್ರವಲ್ಲ, ಅದರಲ್ಲಿ ವಿಷಯವೂ ಇದೆ ಎಂದು ಮಗುವಿಗೆ ಗೊತ್ತಾಗುತ್ತದೆ.

ಎರಡನೆಯದು ಬೇಳೆಯ ದೂರು. ಹುಡುಗಿಯೊಬ್ಬಳು ಒಲೆಯ ಮುಂದೆ ಬೇಳೆಗೆ ಒಗ್ಗರಣೆ ಹಾಕುತ್ತಿದ್ದಾಳೆ. ಬೇಳೆ ಅವಳ ಬಳಿ ತನ್ನ ಕಷ್ಟ ತೋಡಿಕೊಳ್ಳುತ್ತದೆ. ಹೊಲದಲ್ಲಿ ಹಸಿರಾಗಿ ನಲಿಯುತ್ತಿದ್ದವಳನ್ನು ಕಿತ್ತು ತಂದರು, ಸಂತೆಯಲ್ಲಿ ಮಾರಿದರು, ಬೀಸುವ ಕಲ್ಲಿನಲ್ಲಿ ಒಡೆದರು, ಈಗ ಬೆಂಕಿಯ ಮೇಲೆ ಇಟ್ಟಿದ್ದಾರೆ ಎಂದು. ಹುಡುಗಿ ಸಮಾಧಾನ ಹೇಳುತ್ತಾಳೆ. ನಿನ್ನನ್ನು ನೋಯಿಸುವುದು ಉದ್ದೇಶವಲ್ಲ, ಮನುಷ್ಯನ ಆಹಾರವಾಗಿ ನೀನು ಮೇಲಿನ ದರ್ಜೆಗೆ ಏರುತ್ತೀ ಎಂಬುದು ಅವಳ ಮಾತಿನ ತಿರುಳು. ಕೇಳಲು ಇದು ತಮಾಷೆಯ ಪದ್ಯ. ಆದರೆ ಬೆಳೆ ಹೊಲದಿಂದ ಪಾತ್ರೆಗೆ ಬರುವ ಇಡೀ ಕ್ರಮ ಇದರಲ್ಲಿದೆ. ಯಾವುದು ಮೊದಲು, ಯಾವುದು ನಂತರ ಎಂದು ಹೇಳಲು ಬಂದ ಮಗುವಿಗೆ ಪದ್ಯ ಅರ್ಥವಾಗಿದೆ ಎಂದು ನಾವು ತಿಳಿಯಬಹುದು.

ಮೂರನೆಯದು ಮಳೆಯ ಮೊದಲ ಹನಿ. ಮೋಡ ಕವಿದಿದೆ, ನೆಲ ಬಾಯಾರಿದೆ. ಆದರೆ ಯಾವ ಹನಿಗೂ ಮೊದಲು ಇಳಿಯುವ ಧೈರ್ಯವಿಲ್ಲ. ನಾನು ಇಷ್ಟು ಚಿಕ್ಕವಳು, ನನ್ನಿಂದ ಏನಾದೀತು ಎಂದು ಪ್ರತಿಯೊಂದೂ ಹಿಂಜರಿಯುತ್ತದೆ. ಕೊನೆಗೆ ಒಂದು ಹನಿ ಧೈರ್ಯ ಮಾಡಿ ಹೊರಡುತ್ತದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಸುರಿಮಳೆಯಾಗಿ ಹೊಲಗಳು ತಣಿಯುತ್ತವೆ. ಇಲ್ಲಿ ಮಗು ಪದಗಳ ಹಿಂದಿರುವ ಮಾತನ್ನು ಹುಡುಕಬೇಕು. ಹನಿ ಎಂದರೆ ಬರೀ ಹನಿಯಲ್ಲ ಎಂದು ಅದಕ್ಕೇ ಹೊಳೆಯಬೇಕು.

ಇಂದಿನ ವಿದ್ವಾಂಸರು ಹೇಳುವುದೂ ಇದನ್ನೇ

2001ರಿಂದ ಐದು ವರ್ಷಕ್ಕೊಮ್ಮೆ ಹಲವು ದೇಶಗಳಲ್ಲಿ ನಾಲ್ಕನೆಯ ತರಗತಿಯ ಮಕ್ಕಳ ಓದನ್ನು ಅಳೆಯುವ ಪಿರ್ಲ್ಸ್ ಎಂಬ ಅಂತಾರಾಷ್ಟ್ರೀಯ ಅಧ್ಯಯನ ನಡೆಯುತ್ತಿದೆ. ಅದರಲ್ಲಿ ಮಕ್ಕಳಿಗೆ ಎರಡು ಬಗೆಯ ಬರಹ ಕೊಡುತ್ತಾರೆ. ಒಂದು ಕಥೆಯಂಥ ಸಾಹಿತ್ಯದ ಬರಹ, ಇನ್ನೊಂದು ಮಾಹಿತಿಯ ಬರಹ. ಕೇಳುವ ಪ್ರಶ್ನೆಗಳು ನಾಲ್ಕು ವಿಧ. ನೇರವಾಗಿ ಬರೆದಿರುವುದನ್ನು ಹುಡುಕುವುದು, ಬರೆಯದೆ ಬಿಟ್ಟಿರುವುದನ್ನು ಊಹಿಸುವುದು, ಅಲ್ಲಲ್ಲಿ ಇರುವುದನ್ನು ಸೇರಿಸಿ ಅರ್ಥ ಮಾಡುವುದು, ಬರಹದ ಬಗ್ಗೆ ಸ್ವಂತ ಅಭಿಪ್ರಾಯ ಹೇಳುವುದು.

ಬೇಳೆಯ ಪದ್ಯಕ್ಕೆ ಇದನ್ನು ಹೊಂದಿಸಿ ನೋಡಿ. ಬೇಳೆ ಮೊದಲು ಎಲ್ಲಿತ್ತು? ಇದು ಹುಡುಕುವ ಪ್ರಶ್ನೆ. ಬೇಳೆಗೆ ಹುಡುಗಿಯ ಮೇಲೆ ಸಿಟ್ಟು ಏಕೆ? ಇದು ಊಹಿಸುವ ಪ್ರಶ್ನೆ. ಬೇಳೆಗೆ ಎಷ್ಟು ಕಷ್ಟಗಳು ಬಂದವು, ಯಾವ ಕ್ರಮದಲ್ಲಿ? ಇದು ಸೇರಿಸುವ ಪ್ರಶ್ನೆ. ಹುಡುಗಿ ಹೇಳಿದ್ದು ಸರಿಯೇ, ನೀನಾಗಿದ್ದರೆ ಏನು ಹೇಳುತ್ತಿದ್ದೆ? ಇದು ಅಭಿಪ್ರಾಯದ ಪ್ರಶ್ನೆ. ನಮ್ಮ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಮೊದಲ ಬಗೆಯದನ್ನು ಮಾತ್ರ ಕೇಳುತ್ತೇವೆ. ಅದಕ್ಕೆ ಅರ್ಥ ತಿಳಿಯದೆಯೂ ಉತ್ತರ ಬರೆಯಬಹುದು. ಪ್ರಶ್ನೆಯಲ್ಲಿರುವ ಪದವನ್ನೇ ಪಾಠದಲ್ಲಿ ಹುಡುಕಿ ಆ ವಾಕ್ಯ ನಕಲು ಮಾಡಿದರಾಯಿತು.

ನಮ್ಮ ದೇಶದಲ್ಲಿಯೂ 2021ರಲ್ಲಿ ನಿಪುಣ್ ಭಾರತ್ ಯೋಜನೆ ಆರಂಭವಾಯಿತು. ಮೂರನೆಯ ತರಗತಿ ಮುಗಿಸುವಷ್ಟರಲ್ಲಿ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು ಎಂಬುದು ಅದರ ಗುರಿಗಳಲ್ಲಿ ಒಂದು. ಮೌಲ್ವಿ ಸಾಹೇಬರ ಕಾಲದಲ್ಲಿ ಇಂಥ ಯೋಜನೆಯಾಗಲಿ ಅಧ್ಯಯನವಾಗಲಿ ಇರಲಿಲ್ಲ. ತರಗತಿಯಲ್ಲಿ ಮಕ್ಕಳ ಮುಖ ನೋಡಿಯೇ ಅವರು ಕಲಿತರು. ನಮ್ಮ ಕನ್ನಡದಲ್ಲಿ ಪಂಜೆ ಮಂಗೇಶರಾಯರು ಮಾಡಿದ್ದೂ ಇಂಥದೇ ಕೆಲಸ. ಅವರೂ ಶಿಕ್ಷಣ ಇಲಾಖೆಯಲ್ಲಿ ದುಡಿದವರು, ಶಾಲೆಗಳನ್ನು ಕಂಡವರು, ಮಕ್ಕಳ ಬಾಯಲ್ಲಿ ಉಳಿಯುವ ಪದ್ಯ ಮತ್ತು ಕಥೆಗಳನ್ನು ಬರೆದವರು. ಎರಡು ಭಾಷೆಯ ಮಕ್ಕಳಿಗೆ ಕಲಿಸುವ ನನಗೆ ಇವರಿಬ್ಬರೂ ಒಂದೇ ಮನೆಯ ಹಿರಿಯರಂತೆ ಕಾಣುತ್ತಾರೆ.

ಕೊನೆಯ ವರ್ಷಗಳು

ನಿವೃತ್ತಿಯ ನಂತರ ಮೌಲ್ವಿ ಸಾಹೇಬರು ಸುಮ್ಮನೆ ಕೂರಲಿಲ್ಲ. 1909ರಲ್ಲಿ ಮೇರಠಿನಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಮದ್ರಸಾ ತೆರೆದರು. ಹುಡುಗಿಯರನ್ನು ಶಾಲೆಗೆ ಕಳಿಸಲು ಕುಟುಂಬಗಳು ಹಿಂದೆ ಮುಂದೆ ನೋಡುತ್ತಿದ್ದ ಕಾಲವದು. ಆ ನಗರದಲ್ಲಿ ಇಂದು ಅವರ ಹೆಸರಿನ ಮಹಿಳಾ ಸ್ನಾತಕೋತ್ತರ ಕಾಲೇಜು ಇದೆ. ಸರ್ಕಾರ ಅವರಿಗೆ ಖಾನ್ ಸಾಹೇಬ್ ಎಂಬ ಬಿರುದು ಕೊಟ್ಟಿತು. ಮುಪ್ಪಿನಲ್ಲಿ ಅವರು ಅಮೀರ್ ಖುಸ್ರೋ ಅವರ ಪಾರಸಿ ಕಾವ್ಯ ಕಿರಾನುಸ್ಸಾದೈನ್ ಸಂಪಾದಿಸುವ ಶ್ರಮದ ಕೆಲಸವನ್ನೂ ಕೈಗೊಂಡರು. 1917ರ ನವೆಂಬರ್ 1ರಂದು, ಎಪ್ಪತ್ತಮೂರು ವರ್ಷ ತುಂಬಲು ಕೆಲವೇ ದಿನ ಉಳಿದಿರುವಾಗ, ಮೇರಠಿನಲ್ಲೇ ತೀರಿಕೊಂಡರು. ಅವರ ಮಗ ಮುಹಮ್ಮದ್ ಅಸ್ಲಮ್ ಸೈಫಿ ತಂದೆಯ ಜೀವನ ಚರಿತ್ರೆಯನ್ನೂ ಕವಿತೆಗಳನ್ನೂ ಒಟ್ಟಿಗೆ ಸೇರಿಸಿ ಪ್ರಕಟಿಸಿದರು. ಆ ಪುಸ್ತಕವಿರುವುದರಿಂದಲೇ ಇಂದು ನಮಗೆ ಅವರ ಬದುಕು ಇಷ್ಟಾದರೂ ತಿಳಿದಿದೆ.

ಅವರ ಪುಸ್ತಕಗಳನ್ನು ಇಂದು ಹಾಗೆಯೇ ತಂದು ಮಕ್ಕಳ ಕೈಗೆ ಕೊಡಿ ಎಂದು ನಾನು ಹೇಳುವುದಿಲ್ಲ. ಕಾಲ ಬದಲಾಗಿದೆ, ಕೆಲವು ಪದಗಳು ಹಳತಾಗಿವೆ. ಆ ಹೊತ್ತಿಗೆ ಇಲ್ಲದ ಬಗೆಯ ಬರಹಗಳು ಇಂದು ಮಕ್ಕಳ ಸುತ್ತ ಇವೆ. ಬಸ್ಸಿನ ಬೋರ್ಡು, ಔಷಧಿಯ ಚೀಟಿ, ಪಡಿತರ ಅಂಗಡಿಯ ಫಲಕ, ಮೊಬೈಲಿಗೆ ಬರುವ ಸಂದೇಶ, ಕರೆಂಟ್ ಬಿಲ್ಲು ಇವೆಲ್ಲ ಓದೇ. ನಾವು ಕಲಿಯಬೇಕಾದ್ದು ಅವರ ಕ್ರಮವನ್ನು. ಮಗುವಿನ ಮಾತಿನಿಂದ ಆರಂಭಿಸಬೇಕು, ಬಗೆಬಗೆಯ ಬರಹ ಓದಿಸಬೇಕು, ಅರ್ಥ ಬಂದಿದೆಯೇ ಎಂದು ನೋಡದೆ ಮುಂದಿನ ಪುಟಕ್ಕೆ ಹೋಗಬಾರದು.

ನಾನು ಮೊದಲು ಹೇಳಿದ ಆ ಹುಡುಗನ ತರಗತಿಯಲ್ಲಿ ಆಮೇಲೆ ವಾರಕ್ಕೊಂದು ದಿನ ಸೂಚನೆಯ ಓದು ಎಂದು ಇಟ್ಟೆವು. ಯಾರು ಬರೆದದ್ದು, ಯಾರಿಗೆ, ಏನು ಮಾಡಬೇಕು, ಯಾವಾಗ ಎಂಬ ನಾಲ್ಕು ಪ್ರಶ್ನೆ. ಕನ್ನಡದಲ್ಲಿ ಓದಿದ್ದನ್ನು ಮನೆಮಾತಿನಲ್ಲಿ ಹೇಳಲು ಬಿಟ್ಟೆವು. ಮೊದಲಿಗೆ ಕಷ್ಟವಾಯಿತು. ಬರಬರುತ್ತ, ಗಟ್ಟಿಯಾಗಿ ಓದಲು ತಡವರಿಸುವ ಮಕ್ಕಳೇ ಕೆಲವೊಮ್ಮೆ ಅರ್ಥವನ್ನು ಮೊದಲು ಹೇಳುವುದನ್ನು ಕಂಡು ನನಗೆ ಆಶ್ಚರ್ಯವಾಯಿತು. ಅವರನ್ನು ನಾನು ದಡ್ಡರ ಸಾಲಿನಲ್ಲಿ ಕೂರಿಸಿದ್ದೆ. ಆ ಹುಡುಗನೂ ಕಲಿತ. ಮರುವರ್ಷ ಸೂಚನೆ ಬಂದಾಗ ತಾಯಿಗೆ ತಾರೀಖು ಅವನೇ ಹೇಳಿದ. ಹೋದ ವರ್ಷದ ಹಣ ಮಾತ್ರ ತಿರುಗಿ ಬರಲಿಲ್ಲ.

ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ನಮ್ಮ ಸಭೆಗಳಲ್ಲಿ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಫಲಿತಾಂಶದ ಚರ್ಚೆ ನಡೆಯುತ್ತದೆ, ಹೆಚ್ಚು ಅಂಕ ಪಡೆದವರಿಗೆ ಬಹುಮಾನವೂ ದೊರೆಯುತ್ತದೆ. ಅದು ನಡೆಯಲಿ. ಅದರ ಜೊತೆಗೆ ಮೂರನೆಯ ತರಗತಿಯ ಮಗು ಏನು ಓದುತ್ತಿದೆ, ಅದಕ್ಕೆ ಅರ್ಥವಾಗುತ್ತಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಬಂದು ಕೇಳಿ. ಹತ್ತನೆಯ ತರಗತಿಯಲ್ಲಿ ಸೋಲುವ ಎಷ್ಟೋ ಮಕ್ಕಳು ಸೋತಿರುವುದು ಮೂರನೆಯ ತರಗತಿಯಲ್ಲೇ.

ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸವಿದೆ. ನಿಮ್ಮ ಮನೆಯ ತಮ್ಮನನ್ನೋ ತಂಗಿಯನ್ನೋ ದಿನಕ್ಕೆ ಹತ್ತು ನಿಮಿಷ ಹತ್ತಿರ ಕೂರಿಸಿಕೊಳ್ಳಿ. ಒಂದು ದಿನ ಕಥೆ, ಒಂದು ದಿನ ಪದ್ಯ, ಒಂದು ದಿನ ಪತ್ರಿಕೆಯ ಸುದ್ದಿ, ಒಂದು ದಿನ ಬಿಸ್ಕತ್ತಿನ ಪೊಟ್ಟಣದ ಮೇಲಿನ ಬರಹ ಓದಿಸಿ. ಓದಿದ ಮೇಲೆ ಪುಸ್ತಕ ಮುಚ್ಚಿಸಿ, ಏನಿತ್ತು ಎಂದು ಕೇಳಿ. ಉತ್ತರ ತಪ್ಪಾದರೆ ನಗಬೇಡಿ, ಇನ್ನೊಮ್ಮೆ ಓದಿಸಿ. ಮೌಲ್ವಿ ಇಸ್ಮಾಯಿಲ್ ಸಾಹೇಬರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋಚುವುದಿಲ್ಲ.